‘ಗಡಿ ಇಲ್ಲ’: ಯುದ್ಧದ ವಾರದಲ್ಲಿ ಒಂದು ಕವಿತೆ, ಮೂರು ಕಲಂ

ಇದು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪ್ರಕರಣ. ಊರು, ಠಾಣೆ, ಶಾಲೆ, ಪತ್ರಿಕೆ ಯಾವುದರ ಹೆಸರನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದೆ. ಕವಿತೆಯ ಪದಗಳನ್ನೂ ಅಲ್ಲಲ್ಲಿ ತಿರುವಿ ಹಾಕಿದೆ, ಆದರೆ ಸಾಲು ಮುರಿದ ಜಾಗ ಮಾತ್ರ ಮೂಲದಲ್ಲಿದ್ದಂತೆಯೇ ಇದೆ. ಇಡೀ ಪ್ರಕರಣ ನಿಂತಿದ್ದೇ ಆ ಜಾಗದ ಮೇಲೆ.

ಹಿನ್ನೆಲೆ

2025ರ ಏಪ್ರಿಲ್ 22ರಂದು ಕಾಶ್ಮೀರದ ಪೆಹಲ್ಗಾಮಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಮೇ 7ರ ನಸುಕಿನಲ್ಲಿ ಅದಕ್ಕೆ ಉತ್ತರವಾಗಿ ಭಾರತದ ಸೇನಾ ಕಾರ್ಯಾಚರಣೆ ‘ಆಪರೇಷನ್ ಸಿಂಧೂರ’ ನಡೆಯಿತು. ನಾಗರಿಕ ರಕ್ಷಣಾ ಅಣಕು ಕವಾಯತಿಗೆಂದು ಕೇಂದ್ರ ಗೃಹ ಸಚಿವಾಲಯ ಗುರುತಿಸಿದ ಜಾಗಗಳಲ್ಲಿ ಬೆಂಗಳೂರು, ಕಾರವಾರದ ಜೊತೆ ರಾಯಚೂರೂ ಇತ್ತು. ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಶಾಖೋತ್ಪನ್ನ ಕೇಂದ್ರ ಇರುವುದರಿಂದ ಇದು ಸಹಜವೇ. ಗಡಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಊರಿನಲ್ಲೂ ಅಂದು ಜನ ರಾತ್ರಿ ದೀಪ ಆರಿಸಬೇಕೋ ಬೇಡವೋ ಎಂದು ಫೋನ್ ಮಾಡಿ ಕೇಳುತ್ತಿದ್ದರು. ಆ ವಾರದ ಗಾಳಿ ಹಾಗಿತ್ತು ಎಂಬುದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

ಲೇಖಕಿ ಸರ್ಕಾರಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಊರಿನವರಿಗೆ ‘ಅಕ್ಕೋರು’. ಒಂದು ಸಂಕಲನ ಬಂದಿದೆ, ಜಿಲ್ಲೆಯ ಕವಿಗೋಷ್ಠಿಗಳಲ್ಲಿ ಓದಿದ್ದಾರೆ. ಬೇಸಿಗೆ ರಜೆಯಲ್ಲಿ ಮನೆಯಲ್ಲಿದ್ದರು. ಮೇ 9ರ ಶುಕ್ರವಾರ ಬೆಳಿಗ್ಗೆ 6.12ಕ್ಕೆ ಒಂದು ಕವಿತೆಯನ್ನು ಪರಿಚಯದ ಮಾಸಪತ್ರಿಕೆಯ ಸಂಪಾದಕರಿಗೆ ಇ-ಮೇಲ್ ಮಾಡಿದರು. ಸಂಜೆ ಅದನ್ನೇ ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ತಾಲ್ಲೂಕಿನ ಸಾಹಿತ್ಯದ ಗುಂಪಿಗೂ ಶಿಕ್ಷಕರ ಗುಂಪಿಗೂ ಹಾಕಿದರು. ನಡುವಿನ ಭಾಗ ಹೀಗಿದೆ:

ಆ ಹುಲ್ಲಿನ ಮ್ಯಾಲ ಬಿದ್ದ ನೆತ್ತರಕ
ಉತ್ತರ ಕೊಡಬೇಕಿತ್ತು, ಕೊಟ್ಟಾರ.
ಕೊಂದವಗ ಕ್ಷಮಾ ಇಲ್ಲ.
ನಡುರಾತ್ರಿ ಎದ್ದು ಕುಂತ ನಮ್ಮವ್ವ ಅಂತಾಳ:
ಬಳಿ ಒಡಿಯೋ ಸಪ್ಪಳಕ
ಗಡಿ ಇಲ್ಲ,
ಅತ್ತಾಗಿನ ಊರಾಗೂ ಅದು ಕೇಳ್ತೈತಿ.

ಬಳೆ ಒಡೆಯುವುದೆಂದರೆ ಗಂಡ ಸತ್ತದ್ದು. ಈ ಭಾಗದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೊಹರಂನಲ್ಲಿ ಹಿಂದೂ, ಮುಸ್ಲಿಂ ಎನ್ನದೆ ಕೂಡಿ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲದ ಕಾಸಿಂನ ಮದುವೆ, ಸಾವು ಎರಡೂ ಒಟ್ಟಿಗೇ ಬರುತ್ತವೆ. ಕವಿತೆಯ ದನಿ ಅಲ್ಲಿಂದ ಬಂದದ್ದು.

ತಕರಾರು ಹುಟ್ಟಿದ ಬಗೆ

ರಾತ್ರಿ ಒಂಬತ್ತರ ಹೊತ್ತಿಗೆ ಒಂದು ಸ್ಕ್ರೀನ್‌ಶಾಟ್ ಓಡಾಡತೊಡಗಿತು. ಅದರಲ್ಲಿ ಮೇಲಿನ ಐದು ಸಾಲು ಇರಲಿಲ್ಲ. ‘ಗಡಿ ಇಲ್ಲ’ ಎಂಬ ಎರಡು ಪದ ಒಂಟಿಯಾಗಿ ನಿಂತಿದ್ದವು, ಸುತ್ತ ಕೆಂಪು ಗೆರೆ. ಮೇಲೆ ಯಾರೋ ಸೇರಿಸಿದ ಬರಹ: ‘ದೇಶದ ಗಡಿಯನ್ನೇ ಒಪ್ಪದ ಸರ್ಕಾರಿ ಶಿಕ್ಷಕಿ’. ಸಪ್ಪಳಕ್ಕೆ ಗಡಿ ಇಲ್ಲ ಎಂಬುದು ದೇಶಕ್ಕೆ ಗಡಿ ಇಲ್ಲ ಎಂದಾಯಿತು. ‘ಸಪ್ಪಳಕ’ ಎಂಬ ಪದದ ಚತುರ್ಥಿ ವಿಭಕ್ತಿ ಹಿಂದಿನ ಸಾಲಿನಲ್ಲೇ ಉಳಿದುಬಿಟ್ಟಿದ್ದರಿಂದ, ಕತ್ತರಿಸಿದ ಚಿತ್ರ ನೋಡಿದವರಿಗೆ ಬೇರೆ ಅರ್ಥ ಹೊಳೆಯುವುದೂ ಕಷ್ಟವಿತ್ತು.

ಇಲ್ಲಿ ಮೊದಲ ತಪ್ಪು ಆಯಿತು. ಬೈಗುಳದ ಫೋನ್‌ಗಳು ಬರತೊಡಗಿದ ಮೇಲೆ, 10.20ಕ್ಕೆ, ಲೇಖಕಿ ಸ್ಟೇಟಸ್ ತೆಗೆದರು, ಎರಡೂ ಗುಂಪುಗಳಲ್ಲಿ ಎಲ್ಲರಿಗೂ ಅಳಿಸಿದರು. ಭಯದಲ್ಲಿ ಯಾರಾದರೂ ಮಾಡುವುದೇ ಇದು. ಅದರ ಫಲ ಹೀಗಿತ್ತು: ಪೂರ್ತಿ ಕವಿತೆ ಎಲ್ಲೂ ಸಿಗದಂತಾಯಿತು, ಕತ್ತರಿಸಿದ ಚಿತ್ರವೊಂದೇ ಉಳಿಯಿತು. ಗುಂಪಿನಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಗೆರೆ ಮಾತ್ರ ಕಾಣುತ್ತಿತ್ತು. ಮರುದಿನದ ದೂರಿನಲ್ಲಿ ಇದನ್ನೇ ‘ಸಾಕ್ಷ್ಯ ನಾಶ’ ಎಂದು ಬರೆಸಿದರು. ಎಫ್‌ಐಆರ್‌ನಲ್ಲಿ ಆ ಕಲಂ ಬರಲಿಲ್ಲವಾದರೂ ಜಾಮೀನಿಗೆ ಸರ್ಕಾರಿ ಅಭಿಯೋಜಕರು ಸಲ್ಲಿಸಿದ ತಕರಾರಿನಲ್ಲಿ ಬಂತು.

ಮಾಡಬೇಕಾಗಿದ್ದುದು ಬೇರೆ. ಅಳಿಸುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ ಬೇರೊಬ್ಬರ ಇ-ಮೇಲ್‌ಗೆ ಕಳಿಸಬೇಕಿತ್ತು. ಪೂರ್ತಿ ಕವಿತೆ, ವೇಳೆ, ಗುಂಪಿನ ಹೆಸರು ಮೂರೂ ಕಾಣುವಂತೆ ಇನ್ನೊಂದು ಫೋನಿನಲ್ಲಿ ಚಿತ್ರ ತೆಗೆಯಬೇಕಿತ್ತು. ಆಮೇಲೆ ಬೇಕಿದ್ದರೆ ತೆಗೆಯಬಹುದು. ಸ್ಟೇಟಸ್ ಹೇಗೂ 24 ಗಂಟೆಗೆ ತಾನೇ ಹೋಗುತ್ತದೆ, ಅದನ್ನು ಉಳಿಸಿಕೊಳ್ಳುವ ಅವಧಿ ಅಷ್ಟೇ.

ಒಂದು ಮಾತು ಹೇಳದಿದ್ದರೆ ನ್ಯಾಯವಲ್ಲ. ಅದೇ ಸಾಹಿತ್ಯದ ಗುಂಪಿನಲ್ಲಿ ಹಿಂದಿನ ದಿನ ಒಬ್ಬರು ಸೇನೆಯ ವಾಹನಗಳನ್ನು ಹೊತ್ತ ರೈಲಿನ ವಿಡಿಯೊ ಹಾಕಿದ್ದರು, ನಿಲ್ದಾಣದ ಫಲಕ ಸ್ಪಷ್ಟವಾಗಿ ಕಾಣುವಂತೆ. ಸೇನೆಯ ಚಲನವಲನವನ್ನು ತೋರಿಸಬೇಡಿ ಎಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಏಪ್ರಿಲ್ 26ರಂದೇ ಸೂಚಿಸಿತ್ತು. ಯುದ್ಧಕಾಲದಲ್ಲಿ ನಿಜಕ್ಕೂ ಬಾಯಿ ಮುಚ್ಚಿಕೊಳ್ಳಬೇಕಾದ ವಿಷಯ ಯಾವುದಾದರೂ ಇದ್ದರೆ ಅದು ಇದೇ. ಆ ವಿಡಿಯೊಕ್ಕೆ ಬಂದದ್ದು ಬರೀ ‘ಜೈ ಹಿಂದ್’.

ಕಲಂಗಳ ಲೆಕ್ಕ

ಮೇ 10ರ ಶನಿವಾರ ಸಂಜೆ 5 ಗಂಟೆಗೆ ಕದನ ವಿರಾಮ ಜಾರಿಯಾಯಿತು. ಅದೇ ದಿನ ಮಧ್ಯಾಹ್ನ ಠಾಣೆಗೆ ದೂರು ಹೋಗಿತ್ತು. ರಾತ್ರಿ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆಯ 152, 196(1), 353(2).

ಈ ಮೂರು ಅಂಕಿಗಳನ್ನು ಒಂದೇ ತೂಕದವು ಎಂದುಕೊಳ್ಳುವುದು ಲೇಖಕರು ಸಾಮಾನ್ಯವಾಗಿ ಮಾಡುವ ತಪ್ಪು. 196 ಗುಂಪುಗಳ ನಡುವೆ ದ್ವೇಷ ಹರಡುವುದರ ಕುರಿತದ್ದು, 353(2) ಸುಳ್ಳು ಸುದ್ದಿ, ವದಂತಿಯ ಮೂಲಕ ಅದನ್ನೇ ಮಾಡುವುದು. ಎರಡಕ್ಕೂ ಶಿಕ್ಷೆ ಸಾಮಾನ್ಯವಾಗಿ ಮೂರು ವರ್ಷದವರೆಗೆ. 152 ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯ, ಅದಕ್ಕೆ ಜೀವಾವಧಿ ಇಲ್ಲವೇ ಏಳು ವರ್ಷದವರೆಗೆ ಸಜೆ.

ವ್ಯತ್ಯಾಸ ಶಿಕ್ಷೆಯದ್ದಷ್ಟೇ ಅಲ್ಲ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರಂತೆ ಡಿವೈಎಸ್ಪಿ ಅನುಮತಿ ಪಡೆದು 14 ದಿನಗಳಲ್ಲಿ ಪ್ರಾಥಮಿಕ ವಿಚಾರಣೆ ನಡೆಸಿ, ಆಮೇಲೆ ಎಫ್‌ಐಆರ್ ಬೇಕೋ ಬೇಡವೋ ತೀರ್ಮಾನಿಸಬಹುದು. ಗುಜರಾತಿನ ಜಾಮ್‌ನಗರದಲ್ಲಿ ಒಂದು ಕವಿತೆಯ ಕಾರಣಕ್ಕೆ ದಾಖಲಾಗಿದ್ದ ಇಮ್ರಾನ್ ಪ್ರತಾಪಗಢಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು ರದ್ದು ಮಾಡಿದಾಗ, ಮಾತು, ಬರಹಗಳ ಪ್ರಕರಣದಲ್ಲಿ ಈ ವಿಚಾರಣೆ ಮಾಡುವುದೇ ಸೂಕ್ತ ಎಂದಿತ್ತು. ಅಳುಕು ಮನಸ್ಸಿನವರ ಕಣ್ಣಿನಿಂದ ಅಲ್ಲ, ಗಟ್ಟಿ ಮನಸ್ಸಿನ ವಿವೇಕಿಯ ಕಣ್ಣಿನಿಂದ ಬರಹವನ್ನು ಓದಬೇಕು ಎಂದೂ ಹೇಳಿತ್ತು. ಹಾಗೆಯೇ ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನಕ್ಕೆ ಮೊದಲು, ಹಾಜರಾಗಿ ಎಂದು ಅದೇ ಸಂಹಿತೆಯ 35(3)ರ ನೋಟಿಸ್ ಕೊಡುವುದು ರೂಢಿ. 152 ಎಂಬ ಒಂದು ಅಂಕಿ ಸೇರಿದ ಕೂಡಲೇ, ಜೀವಾವಧಿಯ ಕಾರಣ, ಈ ಎರಡೂ ಗುರಾಣಿ ಕೈಬಿಡುತ್ತವೆ.

152, 196ಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ, ಅದು ನಾಗರಿಕ ಸುರಕ್ಷಾ ಸಂಹಿತೆಯ 217ರಲ್ಲಿದೆ. ಆದರೆ ಇದನ್ನು ನಂಬಿ ಕೂರುವಂತಿಲ್ಲ. ಪೂರ್ವಾನುಮತಿಯ ಪ್ರಶ್ನೆ ಬರುವುದು ಕಡೆಗೆ. ಎಫ್‌ಐಆರ್, ಬಂಧನ, ಜಪ್ತಿ ಎಲ್ಲ ಅದಕ್ಕೂ ಮೊದಲೇ ಮುಗಿದಿರುತ್ತವೆ.

ಸರ್ಕಾರಿ ನೌಕರಳಾದ ಲೇಖಕಿಗೆ ಇನ್ನೊಂದು ಗಡಿಯಾರವೂ ಓಡುತ್ತಿತ್ತು. ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರ 10ನೇ ನಿಯಮದಂತೆ 48 ಗಂಟೆ ಮೀರಿ ಬಂಧನದಲ್ಲಿದ್ದರೆ ಅಮಾನತು ತಾನಾಗಿಯೇ ಆದಂತೆ. ಹಾಗಾಗಿ ‘ಒಂದೆರಡು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದರಾಯಿತು’ ಎಂಬ ಊರ ಹಿರಿಯರ ಸಲಹೆ ಈ ಪ್ರಕರಣಕ್ಕೆ ಹೊಂದುವಂಥದ್ದಲ್ಲ.

ಸಂಜೆ ಏಳೂವರೆಯ ಫೋನ್

ಶನಿವಾರ ಸಂಜೆ ಏಳೂವರೆಗೆ ಠಾಣೆಯಿಂದ ಪೇದೆಯೊಬ್ಬರ ಫೋನ್ ಬಂತು. ಅವರು ಲೇಖಕಿಯ ಹಳೆಯ ವಿದ್ಯಾರ್ಥಿಯ ಅಣ್ಣ. “ಅಕ್ಕೋರ್ರೀ, ಸಾಯೇಬ್ರು ಐದ್ ಮಿನಿಟ್ ಬಂದ್ ಹೋಗ್ರಿ ಅಂದಾರ. ಏನೂ ಆಗಂಗಿಲ್ಲ, ಒಂದ್ ಸಹಿ ಅಷ್ಟ.”

ಗಂಡ ಬೈಕ್ ತೆಗೆದೂ ಆಗಿತ್ತು. ಸಂಪಾದಕರು ಗೊತ್ತುಮಾಡಿದ ವಕೀಲರು ಫೋನಿನಲ್ಲೇ ತಡೆದರು. ಅವರ ಕಾರಣ ಸರಳ: ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣುಮಗಳನ್ನು ಬಂಧಿಸಬೇಕಾದರೆ ಅಸಾಧಾರಣ ಕಾರಣ ಬೇಕು, ಮಹಿಳಾ ಅಧಿಕಾರಿ ಬೇಕು, ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಬೇಕು. ಆದರೆ ತಾನಾಗಿಯೇ ಠಾಣೆಯೊಳಗೆ ಹೋಗಿ ಕೂತವರಿಗೆ ರಾತ್ರಿಯೆಲ್ಲ ಅಲ್ಲೇ ಕೂರಿಸಿಕೊಂಡರೂ ಅದನ್ನು ಬಂಧನ ಎಂದು ತೋರಿಸುವುದು ಕಷ್ಟ. ಲೇಖಕಿ ಪೇದೆಗೆ ಕೊಟ್ಟ ಉತ್ತರ: “ನಾ ಎಲ್ಲೂ ಹೋಗಂಗಿಲ್ಲಪಾ, ಮನ್ಯಾಗ ಅದೀನಿ. ಲಿಖಿತ ನೋಟಿಸ್ ಕೊಡ್ರಿ, ವಕೀಲರನ್ನ ಕರಕೊಂಡು ಬರ್ತೀನಿ.” ಪೇದೆ ಎರಡನೇ ಸಲ ಫೋನ್ ಮಾಡಲಿಲ್ಲ. ಇಡೀ ಪ್ರಕರಣದ ದಾರಿ ತಿರುಗಿದ್ದು ಈ ಒಂದು ಮಾತಿನಲ್ಲಿ.

ಅದೇ ರಾತ್ರಿ ಮನೆಯಲ್ಲಿ ಇನ್ನೊಂದು ವಾದ ನಡೆದಿತ್ತು. “ಯುದ್ಧದಾಗ ಮಾತಾಡೋ ಹಕ್ಕ ಇರಂಗಿಲ್ಲ” ಎಂದು ಗಂಡ, ಮೈದುನ ಇಬ್ಬರೂ ಹೇಳುತ್ತಿದ್ದರು. ಮುಂದೆ ಠಾಣೆಯಲ್ಲಿಯೂ ಅದೇ ಮಾತು ಬಂತು. ಈ ನಂಬಿಕೆಗೆ ಒಂದು ಬುಡ ಇದೆ. 1962ರ ಅಕ್ಟೋಬರ್ 26ರಂದು ಚೀನಾ ಯುದ್ಧದ ವೇಳೆ ತುರ್ತು ಪರಿಸ್ಥಿತಿ ಘೋಷಣೆಯಾಗಿ 1968ರ ಜನವರಿವರೆಗೆ ಇತ್ತು. 1971ರ ಡಿಸೆಂಬರ್ 3ರಂದು ಮತ್ತೆ ಘೋಷಣೆಯಾಯಿತು. ಸಂವಿಧಾನದ 358ನೇ ವಿಧಿಯಂತೆ ಆಗ 19ನೇ ವಿಧಿಯ ಸ್ವಾತಂತ್ರ್ಯಗಳು ಅಮಾನತಿನಲ್ಲಿದ್ದವು. ಆದರೆ ಅದು ಯುದ್ಧದಿಂದ ಆಗುವುದಲ್ಲ, ರಾಷ್ಟ್ರಪತಿಯವರ ಘೋಷಣೆಯಿಂದ ಆಗುವುದು. 1999ರ ಕಾರ್ಗಿಲ್ ವೇಳೆ ಅಂಥ ಘೋಷಣೆ ಇರಲಿಲ್ಲ, 2025ರ ಮೇ ತಿಂಗಳಲ್ಲೂ ಇರಲಿಲ್ಲ. ಮಾತಿನ ಸ್ವಾತಂತ್ರ್ಯ ಕೊಡುವ 19(1)(ಎ) ಪೂರ್ತಿ ಜಾರಿಯಲ್ಲಿತ್ತು, 19(2)ರ ನಿರ್ಬಂಧಗಳ ಸಮೇತ. ವಕೀಲರು ಜಾಮೀನು ಅರ್ಜಿಯ ಎರಡನೇ ಪ್ಯಾರಾದಲ್ಲೇ ಇದನ್ನು ಬರೆದರು. ಗೊತ್ತಿರುವ ವಿಷಯವನ್ನು ಬರೆಯುವುದೇಕೆ ಎಂದು ಕಿರಿಯ ವಕೀಲರೊಬ್ಬರು ಕೇಳಿದರಂತೆ. ಗೊತ್ತಿದ್ದಿದ್ದರೆ ಎಫ್‌ಐಆರ್ ಆಗುತ್ತಿರಲಿಲ್ಲ.

ಕ್ಷಮಾಪಣೆಯ ಎರಡು ಕಾಗದ

ಭಾನುವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯರು ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದರು. “ಒಂದ್ ಕ್ಷಮಾಪಣಾ ಬರದ್ ಕೊಡ್ರಿ ಮೇಡಂ, ಬಿಇಒ ಸರ್‌ಗೆ ಮುಟ್ಟಸ್ತೀನಿ, ಇಲ್ಲಿಗೇ ಮುಗೀತದ.” ಲೇಖಕಿ ಬರೆದುಕೊಟ್ಟದ್ದು ಇಷ್ಟು: ‘ದೇಶದ ಗಡಿಯ ಬಗ್ಗೆ ನಾನು ಬರೆದ ಸಾಲುಗಳು ತಪ್ಪಾಗಿವೆ. ಇನ್ನು ಮುಂದೆ ಹೀಗೆ ಬರೆಯುವುದಿಲ್ಲ, ಕ್ಷಮಿಸಬೇಕು.’

ಮೂರು ಗಂಟೆಯ ನಂತರ ವಕೀಲರ ಕಣ್ಣಿಗೆ ಅದರ ಫೋಟೊ ಬಿತ್ತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಮುಖ್ಯೋಪಾಧ್ಯಾಯರಿಗೋ ಬಿಇಒಗೋ ಸ್ವಂತ ಕೈಬರಹದಲ್ಲಿ ಕೊಟ್ಟದ್ದಕ್ಕೆ ಆ ರಕ್ಷಣೆ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ದೂರುದಾರರು ಕವಿತೆಗೆ ಹಚ್ಚಿದ ಅರ್ಥವನ್ನು ಕವಿಯೇ ಒಪ್ಪಿಕೊಂಡಂತಾಗಿತ್ತು. ‘ದೇಶದ ಗಡಿಯ ಬಗ್ಗೆ ಬರೆದ ಸಾಲು’ ಎಂಬುದೇ ಕವಿತೆಯಲ್ಲಿ ಇರಲಿಲ್ಲ.

ಭಾನುವಾರವಾದ್ದರಿಂದ ಕಾಗದ ಮುಖ್ಯೋಪಾಧ್ಯಾಯರ ಚೀಲದಲ್ಲೇ ಉಳಿದಿತ್ತು, ಕಚೇರಿಯ ಆವಕ ಪುಸ್ತಕದಲ್ಲಿ ನಂಬರ್ ಬಿದ್ದಿರಲಿಲ್ಲ. ಅದನ್ನು ಹಿಂಪಡೆದು ಸೋಮವಾರ ಬೇರೆ ಪತ್ರ ಕೊಟ್ಟರು. ಅದರಲ್ಲಿ ಪೂರ್ತಿ ಕವಿತೆ ಲಗತ್ತಿಸಿ, ‘ನನ್ನ ಕವಿತೆಯ ಕತ್ತರಿಸಿದ ಭಾಗ ಓದಿ ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ. ಅದಕ್ಕೂ ಮೊದಲಿನ ಸಾಲುಗಳಲ್ಲೇ ಹಂತಕರಿಗೆ ಕ್ಷಮೆ ಇಲ್ಲವೆಂದು ಹೇಳಿದೆ. ದೇಶದ ಗಡಿಯನ್ನು ನಿರಾಕರಿಸುವ ಅರ್ಥ ಇದರಲ್ಲಿಲ್ಲ’ ಎಂದಿತ್ತು. ಬಾಗಿಲಿಗೆ ಬಂದ ಕೆಲವರು ವಿಡಿಯೊ ಕ್ಷಮಾಪಣೆಯನ್ನೂ ಕೇಳಿದರು. ಅದನ್ನು ಕೊಡಲಿಲ್ಲ. ವಿಡಿಯೊ ಎಂದರೆ ಮತ್ತೊಮ್ಮೆ ಕತ್ತರಿಸಲು ಸಿಗುವ ಸಾಮಗ್ರಿ.

ಸಹಿಗಳಿಂದ ಆದ ಹಾನಿ

ಜಿಲ್ಲೆಯ ಲೇಖಕರು ಸುಮ್ಮನಿರಲಿಲ್ಲ. 2020ರ ಜನವರಿಯಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯ ಆನೆಗೊಂದಿ ಉತ್ಸವದಲ್ಲಿ ಓದಿದ ಕವಿತೆಗೆ ಪ್ರಕರಣ ದಾಖಲಾದದ್ದು ಎಲ್ಲರಿಗೂ ನೆನಪಿತ್ತು. ಮೂರನೇ ದಿನ 34 ಸಹಿಗಳ ಹೇಳಿಕೆ ಹೊರಬಂತು. ಅದರ ತಲೆಬರಹದಲ್ಲಿ ‘ಯುದ್ಧವಿರೋಧಿ ಕವಿತೆ’ ಎಂದಿತ್ತು, ಒಳಗೆ ಸೇನಾ ಕಾರ್ಯಾಚರಣೆಯನ್ನೇ ಪ್ರಶ್ನಿಸುವ ಎರಡು ವಾಕ್ಯ ಇದ್ದವು. ಹಾಗೆ ಪ್ರಶ್ನಿಸುವ ಹಕ್ಕು ಸಹಿ ಹಾಕಿದವರಿಗೆ ಇದ್ದೇ ಇದೆ. ಆದರೆ ಕವಿತೆ ‘ಉತ್ತರ ಕೊಡಬೇಕಿತ್ತು, ಕೊಟ್ಟಾರ’ ಎನ್ನುತ್ತದೆ. ಅದು ಯುದ್ಧವನ್ನು ವಿರೋಧಿಸುವುದಿಲ್ಲ, ಯುದ್ಧದ ಮರುದಿನದ ಸದ್ದು ಕೇಳಿಸಿಕೊಳ್ಳುತ್ತದೆ. ಬೆಂಬಲಿಗರು ಕವಿತೆಯನ್ನು ಓದದೆ ಬೆಂಬಲಿಸಿದ್ದರು, ದೂರುದಾರರು ಓದದೆ ದೂರಿದಂತೆಯೇ. ಸರ್ಕಾರಿ ಅಭಿಯೋಜಕರು ತಕರಾರಿನ ಜೊತೆ ಲಗತ್ತಿಸಿದ್ದು ಕವಿತೆಯನ್ನಲ್ಲ, ಈ ಹೇಳಿಕೆಯ ಪತ್ರಿಕಾ ತುಣುಕನ್ನು.

ಕೆಲಸಕ್ಕೆ ಬಂದದ್ದು ಒಂದೇ ಪುಟದ ಇನ್ನೊಂದು ಬರಹ. ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರು ಮೂರು ವಿಷಯ ಮಾತ್ರ ಬರೆದರು. ‘ಸಪ್ಪಳಕ’ ಎಂಬುದು ‘ಸಪ್ಪಳಕ್ಕೆ’ ಎಂಬುದರ ಈ ಭಾಗದ ರೂಪ, ‘ಗಡಿ ಇಲ್ಲ’ ಎಂಬ ಮಾತು ಅದಕ್ಕೇ ಸೇರುತ್ತದೆ. ಬಳೆ ಒಡೆಯುವುದು ವೈಧವ್ಯದ ರೂಢಿಮಾತು. ವೈರಿಯ ಕಡೆಯವರ ಸಾವಿಗೂ ಮರುಗುವುದು ಕನ್ನಡಕ್ಕೆ ಹೊಸದಲ್ಲ, ರನ್ನನ ದುರ್ಯೋಧನ ರಣರಂಗದಲ್ಲಿ ವೈರಿಯ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಅವನನ್ನು ಕೊಂಡಾಡುತ್ತಾನೆ. ಅಭಿವ್ಯಕ್ತಿ ಸ್ವಾತಂತ್ರ್ಯ ಎಂಬ ಪದ ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

ಅರ್ಜಿ, ಫೋನ್, ವರದಿ

ಎಫ್‌ಐಆರ್ ಪ್ರತಿ ಸಿಗುವುದೇ ಮೊದಲ ಕೆಲಸವಾಯಿತು. 2016ರ ಸುಪ್ರೀಂ ಕೋರ್ಟ್ ಆದೇಶದಂತೆ 24 ಗಂಟೆಯಲ್ಲಿ ವೆಬ್‌ಸೈಟಿಗೆ ಏರಿಸಬೇಕು, ಆದರೆ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಇಲ್ಲಿ ಏರಿಸಿರಲಿಲ್ಲ. ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಪ್ರತಿ ಪಡೆದರು, ಎರಡು ದಿನ ಹೋಯಿತು.

ಎಫ್‌ಐಆರ್ ರದ್ದತಿಗೆ ನೇರ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗೋಣ ಎಂದು ಬೆಂಬಲಿಗರ ಒತ್ತಾಯವಿತ್ತು. ವಕೀಲರು ಒಪ್ಪಲಿಲ್ಲ. ಹೈಕೋರ್ಟಿಗೆ ಬೇಸಿಗೆ ರಜೆ, ರಜಾಕಾಲದ ಪೀಠದ ಮುಂದೆ ಆ ವಾರದ ಬಿಸಿಯಲ್ಲಿ ‘ತನಿಖೆ ಈಗಷ್ಟೇ ಶುರುವಾಗಿದೆ’ ಎಂಬ ಉತ್ತರ ಬಂದರೆ ಕೆಳಗಿನ ಬಾಗಿಲೂ ಬಿಗಿಯಾಗುತ್ತದೆ ಎಂಬುದು ಅವರ ಲೆಕ್ಕ. ಬದಲಿಗೆ ಸೆಷನ್ಸ್ ನ್ಯಾಯಾಲಯದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 482ರ ಕೆಳಗೆ ನಿರೀಕ್ಷಣಾ ಜಾಮೀನು ಕೇಳಿದರು. ವಾದವೆಲ್ಲ 152 ಇಲ್ಲಿ ಹೇಗೆ ಹೊಂದುವುದಿಲ್ಲ ಎಂಬುದರ ಮೇಲೆ: ಉದ್ದೇಶ ಅಥವಾ ಅರಿವು ಇರಬೇಕು, ಪ್ರತ್ಯೇಕತೆಗೋ ಸಶಸ್ತ್ರ ದಂಗೆಗೋ ವಿಧ್ವಂಸಕ್ಕೋ ಪ್ರಚೋದನೆ ಇರಬೇಕು ಇಲ್ಲವೇ ಸಾರ್ವಭೌಮತೆಗೆ ಅಪಾಯವಾಗಬೇಕು. ಈ ಕಲಂ ಭಿನ್ನಮತದ ಮೇಲೆ ಬೀಸುವ ಕತ್ತಿಯಲ್ಲ ಎಂದು ರಾಜಸ್ಥಾನ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ್ದನ್ನೂ ಲಗತ್ತಿಸಿದರು.

ಪೂರ್ತಿ ಕವಿತೆ ಇದೇ ಎಂದು ತೋರಿಸುವುದಕ್ಕೆ ಕೈಗೆ ಸಿಕ್ಕಿದ್ದು ಬೆಳಿಗ್ಗೆ 6.12ರ ಆ ಇ-ಮೇಲ್. ದೂರಿಗಿಂತ ಒಂದು ದಿನ ಮೊದಲಿನದು, ಬೇರೆಯವರ ಪೆಟ್ಟಿಗೆಯಲ್ಲಿದ್ದುದು. ಸಂಪಾದಕರ ಕಂಪ್ಯೂಟರಿನಿಂದ ಹೆಡರ್ ಸಮೇತ ಮುದ್ರಿಸಿ, ವಿದ್ಯುನ್ಮಾನ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಜೋಡಿಸಿದರು. ಮೊದಲ ಸಲ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯದ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ ಸಂಖ್ಯೆಯ) ಖಾನೆ ಖಾಲಿ ಬಿಟ್ಟು ಕಚೇರಿಯ ತಕರಾರು ಬಂದು ಒಂದು ದಿನ ವ್ಯರ್ಥವಾಯಿತು. ಅನುಸೂಚಿಯಲ್ಲಿ ಎ ಮತ್ತು ಬಿ ಎಂದು ಎರಡು ಭಾಗಗಳಿವೆ. ಎರಡನೆಯದನ್ನು ತಜ್ಞರು ತುಂಬಬೇಕು, ಇದು ಹಲವರಿಗೆ ಕೊನೆಯ ಗಳಿಗೆಯಲ್ಲಿ ಗೊತ್ತಾಗುತ್ತದೆ.

ಮಧ್ಯಂತರ ರಕ್ಷಣೆ ಸಿಕ್ಕಿತು, ವಾರದ ನಂತರ ಜಾಮೀನೂ ಆಯಿತು: 50,000 ರೂಪಾಯಿ ಬಾಂಡ್, ಒಬ್ಬ ಜಾಮೀನುದಾರ, ತನಿಖೆಗೆ ಸಹಕಾರ. ಲೇಖಕಿ ವಕೀಲರ ಜೊತೆ ಹಗಲಿನಲ್ಲಿ ಠಾಣೆಗೆ ಹೋಗಿ ಫೋನ್ ಒಪ್ಪಿಸಿದರು. ಪಂಚನಾಮೆ ಆಯಿತು, ವಿಡಿಯೊ ಚಿತ್ರೀಕರಣ ಆಯಿತು, ಆದರೆ ಅಲ್ಲೂ ಹ್ಯಾಶ್ ಮೌಲ್ಯ ಬರೆಯಲಿಲ್ಲ. ವಕೀಲರು ಅದನ್ನು ಬರೆದಿಲ್ಲ ಎಂಬುದನ್ನು ಪಂಚನಾಮೆಯ ಕೆಳಗೆ ತಮ್ಮ ಕೈಯಿಂದ ಬರೆದು ಸಹಿ ಮಾಡಿದರು.

ಐದು ವಾರದ ನಂತರ ತನಿಖಾಧಿಕಾರಿಯೇ 152ನ್ನು ಕೈಬಿಡುವಂತೆ ನ್ಯಾಯಾಲಯಕ್ಕೆ ಮನವಿ ಕೊಟ್ಟರು. ದಫ್ತರದಲ್ಲಿ ಪೂರ್ತಿ ಕವಿತೆ, ಪ್ರಾಧ್ಯಾಪಕರ ಪುಟ ಎರಡೂ ಇದ್ದವು. ನಾಲ್ಕನೇ ತಿಂಗಳಲ್ಲಿ ಉಳಿದ ಎರಡು ಕಲಂಗಳಿಗೂ ಪ್ರಕರಣ ಮುಗಿಸುವ ‘ಬಿ’ ಅಂತಿಮ ವರದಿ ಸಲ್ಲಿಕೆಯಾಯಿತು. ದೂರುದಾರರಿಗೆ ನೋಟಿಸ್ ಹೋಯಿತು, ಅವರು ಬರಲಿಲ್ಲ.

ಇಲಾಖೆಯ ಕಡೆ ಇಷ್ಟು ಸಲೀಸಾಗಲಿಲ್ಲ. ಬಂಧನ ಆಗದಿದ್ದರಿಂದ ಅಮಾನತು ತಪ್ಪಿತು. ಆದರೆ 2021ರ ನಡತೆ ನಿಯಮಗಳನ್ನು ತೋರಿಸಿ ಕಾರಣ ಕೇಳುವ ನೋಟಿಸ್ ಬಂತು. ಕವಿತೆಯಲ್ಲಿ ಸರ್ಕಾರದ ನೀತಿಯ ಟೀಕೆ ಒಂದಕ್ಷರವೂ ಇಲ್ಲ, ಅದು ಶುದ್ಧ ಸಾಹಿತ್ಯ ಎಂದು ಉತ್ತರ ಕೊಟ್ಟರು. 34 ಸಹಿಗಳ ಹೇಳಿಕೆ ಅಲ್ಲಿಯೂ ಅಡ್ಡ ಬಂತು. ಕೊನೆಗೆ ಲಿಖಿತ ಎಚ್ಚರಿಕೆಯೊಂದಿಗೆ ಮುಗಿಸಿದರು. ಸೇವಾ ಪುಸ್ತಕದಲ್ಲಿ ಅದರ ನಮೂದು ಇದೆ.

ಫೋನ್ ಠಾಣೆಯ ಮುದ್ದೆಮಾಲಿನ (ಜಪ್ತಿ ವಸ್ತುಗಳ) ಕೋಣೆಯಿಂದ ವಾಪಸ್ ಬರಲು ಪ್ರತ್ಯೇಕ ಅರ್ಜಿ ಬೇಕಾಯಿತು. ಬಟ್ಟೆಯ ಲಕೋಟೆ, ಅರಗಿನ ಮುದ್ರೆ, ಜಪ್ತಿ ನಮೂನೆಯ (ಪಿ.ಎಫ್.) ನಂಬರ್ ಬರೆದ ಚೀಟಿ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿತ್ತು. ನೋಟ್ಸ್‌ನಲ್ಲಿದ್ದ ಹನ್ನೊಂದು ಅರೆಬರೆ ಕವಿತೆಗಳನ್ನು ರಾಯಚೂರಿನ ರಿಪೇರಿ ಅಂಗಡಿಯವನು ಹೊರತೆಗೆದುಕೊಟ್ಟ.

ಮಾಸಪತ್ರಿಕೆ ಆ ಕವಿತೆಯನ್ನು ದೀಪಾವಳಿಯ ಹೊತ್ತಿಗೆ ಅಚ್ಚು ಹಾಕಿತು. ಕರಡು ತಿದ್ದಲು ಕಳಿಸಿದಾಗ ಲೇಖಕಿ ಒಂದೇ ಒಂದು ಬದಲಾವಣೆ ಮಾಡಿ ಹಿಂದಿರುಗಿಸಿದರು: ‘ಬಳಿ ಒಡಿಯೋ ಸಪ್ಪಳಕ ಗಡಿ ಇಲ್ಲ’, ಒಂದೇ ಸಾಲಿನಲ್ಲಿ. ಲಯ ಕೆಡುತ್ತದೆ, ಮೊದಲಿನಂತೆ ಮುರಿಯೋಣ ಎಂದು ಸಂಪಾದಕರು ಎರಡು ಸಲ ಫೋನ್ ಮಾಡಿದರು. ಸಾಲು ಕೂಡಿಯೇ ಅಚ್ಚಾಯಿತು.